ಹನ್ನೊಂದು ಪಂಚರ್

ಆ ಊರಿನ ಸೇತುವೆ ಖಾಲಿ ಲಾರಿಯನ್ನು ಹೊರಗೆ ಬಿಡುವುದಿಲ್ಲ. ಒಳಗೆ ಹೋಗುವಾಗ ಯಾವ ತಕರಾರೂ ಇಲ್ಲ. ಸಿಮೆಂಟು, ಸಕ್ಕರೆ, ಕಬ್ಬಿಣ, ಏನು ಬೇಕಾದರೂ ಹೇರಿಕೊಂಡು ಹೋಗಬಹುದು. ವಾಪಸ್ಸು ಬರುವಾಗ ಮಾತ್ರ, ಪಟ್ಟಣದ ಕಡೆ ಯಾರಿಗಾದರೂ ನಿಜವಾಗಿಯೂ ಬೇಕಾದದ್ದು ಏನಾದರೂ ಲಾರಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಎಂಟನೇ ಕಂಬದ ಹತ್ತಿರ ಎಂಜಿನ್ ಒಂದು ಸಲ ಕೆಮ್ಮಿ ಸುಮ್ಮನಾಗಿಬಿಡುತ್ತದೆ. ಆಮೇಲೆ ಹಿಂದಿನ ಗಾಡಿಯವರೆಲ್ಲ ಇಳಿದು, ಬಾಯಿಗೆ ಬಂದಂತೆ ಬೈಯುತ್ತ, ಲಾರಿಯನ್ನು ಊರಿನ ಕಡೆಗೇ ತಳ್ಳಬೇಕು. ಬಸ್ಸು, ಸೈಕಲ್ಲು, ಎತ್ತಿನ ಗಾಡಿಗಳ ಉಸಾಬರಿಗೆ ಸೇತುವೆ ಹೋಗುವುದಿಲ್ಲ. ಅದರ ಹಟವೆಲ್ಲ ಲಾರಿಗಳ ಮೇಲೆಯೇ.

ನಾನು ಇಪ್ಪತ್ತು ವರ್ಷದಿಂದ ಆ ಊರಿಗೆ ಲಾರಿ ಹೊಡೆಯುತ್ತಿದ್ದೇನೆ. ಹೆಸರು ಚಂದ್ರಾಮ. ಲಾರಿ ನನ್ನದೇ, ಹತ್ತು ಚಕ್ರದ್ದು. ಆ ಸೇತುವೆಗೆ ಮೋಸ ಮಾಡಲು ಹೋದ ಎಷ್ಟು ಜನರನ್ನು ನೋಡಿದ್ದೇನೋ ಲೆಕ್ಕವಿಲ್ಲ. ಒಬ್ಬ ಹೊಳೆಯ ಕಲ್ಲು ತುಂಬಿಕೊಂಡು ಹೊರಟ. ಯಾರಿಗೆ ಬೇಕು ಕಲ್ಲು, ಲಾರಿ ನಿಂತಿತು. ಇನ್ನೊಬ್ಬ ಹದಿನಾರು ಚಕ್ರದ ಗಾಡಿಯಲ್ಲಿ ಒಂದೇ ಒಂದು ಪೊಟ್ಟಣ ಮಜ್ಜಿಗೆ ಮೆಣಸಿನಕಾಯಿ ಇಟ್ಟುಕೊಂಡು ರಾಜನ ಹಾಗೆ ದಾಟಿಹೋದ. ಪಟ್ಟಣದಲ್ಲಿ ಒಬ್ಬ ಬಸುರಿ ಹೆಂಗಸು ಅದಕ್ಕಾಗಿ ಬಾಯಿಬಾಯಿ ಬಿಡುತ್ತಿದ್ದಳಂತೆ. ಡ್ರೈವರ್ ಮಾತ್ರ ಲೆಕ್ಕಕ್ಕಿಲ್ಲ. ಅವನ ದಾರಿಯನ್ನು ಮನೆಯಲ್ಲಿ ಎಷ್ಟೇ ಜನ ಕಾಯುತ್ತಿರಲಿ, ಅವನ ಸಲುವಾಗಿ ಸೇತುವೆ ಬಿಡುವುದಿಲ್ಲ. ಈ ವಿಷಯ ಗೊತ್ತಾದಾಗ ಎಷ್ಟೋ ಡ್ರೈವರುಗಳ ಹೆಂಡತಿಯರಿಗೆ ಸಿಟ್ಟು ಬಂದಿತ್ತು.

ಹಾಗಾಗಿ ಆ ಊರಿಗೆ ಹೋದವನು ವಾಪಸ್ ಲೋಡಿಗಾಗಿ ಮೂರು ದಿನ, ನಾಲ್ಕು ದಿನ ಕಾಯಬೇಕಾಗುತ್ತಿತ್ತು. ಊರಿನಲ್ಲಿ ಸರಕು ಇಲ್ಲವೆಂದಲ್ಲ. ಕಸಬರಿಗೆ, ಬಿದಿರಿನ ಏಣಿ, ನಿಂಬೆಕಾಯಿ ಉಪ್ಪಿನಕಾಯಿ ಎಲ್ಲ ಇತ್ತು. ಪಟ್ಟಣದಲ್ಲಿ ಯಾರಿಗೆ ಯಾವಾಗ ಏನು ಬೇಕು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ ಅಷ್ಟೆ. ಸೇತುವೆಯ ಬಾಯಲ್ಲಿ ಹುಸೇನ್ ಸಾಬರು ಒಂದು ಕರಿ ಹಲಗೆ ಇಟ್ಟುಕೊಂಡು ಕೂರುತ್ತಿದ್ದರು. ಅವರೇ ಲೋಡಿನ ದಲ್ಲಾಳಿ. ಫೋನು ಮಾಡಿ, ಪತ್ರ ಬರೆಸಿ, ಬಸ್ಸಿನವರ ಕೈಲಿ ಹೇಳಿ ಕಳಿಸಿ, ಹೇಗೋ ಒಂದು ಗಿರಾಕಿ ಹುಡುಕಿ ಹಲಗೆಯ ಮೇಲೆ ಬರೆಯುವರು. ಅಲ್ಲಿಯವರೆಗೆ ನಾವೆಲ್ಲ ಹಗ್ಗದ ಮಂಚದ ಮೇಲೆ ಬಿದ್ದುಕೊಂಡು ಇಸ್ಪೀಟು ಎಲೆ ಆಡುತ್ತಿದ್ದೆವು. ಹೀಗೇ ಹನ್ನೊಂದು ದಿನ ಕಾದ ಒಬ್ಬ ಡ್ರೈವರ್ ಕೊನೆಗೆ ಲಾರಿ ಮಾರಿ ಅಲ್ಲೇ ಕ್ಷೌರದ ಅಂಗಡಿ ಹಾಕಿದ. ಕೈ ಒಳ್ಳೆಯದಿದೆ, ನಾನೂ ಅವನಲ್ಲಿಗೇ ಹೋಗುವುದು.

ಬೇರೆಯವರು ಎಲೆ ಆಡುವಾಗ ನಾನು ನೀಲಮ್ಮನ ಪಂಚರ್ ಅಂಗಡಿಯಲ್ಲಿ ಕೂರುತ್ತಿದ್ದೆ. ಸೇತುವೆ ರಸ್ತೆಯಲ್ಲೇ ಅವಳ ಅಂಗಡಿ. ಅಪ್ಪ ಶುರು ಮಾಡಿದ್ದು. ಅಪ್ಪನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಸ್ಪ್ಯಾನರ್ ಅವಳ ಕೈಗೆ ಬಂತು. ಅಪ್ಪ ತೀರಿಹೋಗುವವರೆಗೆ ಎಂಟು ವರ್ಷ ಅವರನ್ನೂ ಅಂಗಡಿಯನ್ನೂ ನೋಡಿಕೊಂಡಳು. ಅಷ್ಟರಲ್ಲಿ ಮದುವೆಯ ವಯಸ್ಸು ಯಾವುದೋ ಲೋಡು ಲಾರಿ ಹತ್ತಿ ಹೊರಟುಹೋಯಿತು ಅಂತ ಅವಳೇ ಹೇಳಿ ನಗುವಳು. ನಾನು ಹೆಂಡತಿಯನ್ನು ಕಳೆದುಕೊಂಡು ಒಂಬತ್ತು ವರ್ಷವಾಗಿತ್ತು. ನಮ್ಮಿಬ್ಬರ ಮಾತು ಟೈರಿನಿಂದ ಶುರುವಾಗಿ, ನನ್ನ ಮಗಳು ಅಂಬಿಕಾಳ ಓದು, ನೀಲಮ್ಮನ ಅಪ್ಪ ಇದ್ದಷ್ಟು ದಿನ ಅವರ ಔಷಧಿ, ಬದನೆಕಾಯಿ ಪಲ್ಯಕ್ಕೆ ಎಳ್ಳು ಹಾಕಬೇಕೋ ಶೇಂಗಾ ಹಾಕಬೇಕೋ ಅನ್ನುವಲ್ಲಿಗೆ ಹೋಗಿ ಮುಟ್ಟುತ್ತಿತ್ತು. ಆ ಊರಿನಲ್ಲಿ ಡ್ರೈವರ್ ಅಂದರೆ ಎಲ್ಲರಿಗೂ ಅಣ್ಣ. ನೀಲಮ್ಮ ಮಾತ್ರ ಒಂದು ದಿನವೂ ನನ್ನನ್ನು ಅಣ್ಣ ಅನ್ನಲಿಲ್ಲ. ‘ಡ್ರೈವರ್ರೇ’ ಅನ್ನುತ್ತಿದ್ದಳು. ಇದನ್ನು ಗಮನಿಸಲು ನನಗೆ ಎರಡು ವರ್ಷ ಹಿಡಿಯಿತು. ಗಮನಿಸಿದ ಮೇಲೆ ಅದಕ್ಕೇನು ಮಾಡಬೇಕು ಅಂತ ಯೋಚಿಸಲು ಇನ್ನೆರಡು ವರ್ಷ. ನಾಲ್ಕು ದಿನ ಕಾಯುವ ಕಡೆ ಯಾರಿಗೆ ಅವಸರ? ಇವತ್ತಲ್ಲದಿದ್ದರೆ ನಾಳೆ ಹೇಳಿದರಾಯಿತು ಅಂದುಕೊಂಡು ಚಹಾ ಕುಡಿಯುತ್ತಿದ್ದೆ.

ಅಷ್ಟರಲ್ಲಿ ‘ಮರುಲೋಡು’ ಬಂತು. ಅದು ಫೋನಿನೊಳಗಿನ ಆ್ಯಪ್. ಅದನ್ನು ಮಾಡಿದ ಪಟ್ಟಣದ ಕಂಪನಿಯಲ್ಲಿ ನನ್ನ ಅಂಬಿಕಾಳಿಗೇ ಕೆಲಸ ಸಿಕ್ಕಿತ್ತು. ಕಂಟ್ರೋಲ್ ರೂಮಿನಲ್ಲಿ ಕೂತು ಲಾರಿಗಳನ್ನು ನೋಡಿಕೊಳ್ಳುವುದು. ನನ್ನ ಫೋನಿಗೆ ಆ್ಯಪನ್ನೂ, ಲಾರಿಯ ಡ್ಯಾಶ್‌ಬೋರ್ಡಿನ ಹಿಂದೆ ಜಿಪಿಎಸ್ ಡಬ್ಬಿಯನ್ನೂ ಅವಳೇ ಹಾಕಿಕೊಟ್ಟಳು.

“ಪಟ್ಟಣದವರು ತಮಗೆ ಏನು ಬೇಕೋ ಬರೀತಾರೆ. ಊರಿನವರು ತಮ್ಮ ಹತ್ರ ಏನಿದೆಯೋ ಬರೀತಾರೆ. ಎರಡನ್ನೂ ಇದು ಜೋಡಿಸುತ್ತೆ. ನೀನು ಸಿಮೆಂಟ್ ಇಳಿಸೋದ್ರೊಳಗೆ ವಾಪಸ್ ಲೋಡು ತಯಾರಾಗಿರುತ್ತೆ ಅಪ್ಪಾ. ಇನ್ನು ಮೇಲೆ ಆ ಹಗ್ಗದ ಮಂಚದಲ್ಲಿ ಬೆನ್ನು ನೋಯಿಸ್ಕೊಂಡು ಮಲಗೋದು ಬೇಡ” ಅಂದಳು.

ಮಗಳು ಹೇಳಿದಂತೆಯೇ ಆಯಿತು. ಮೊದಲ ದಿನ ಹತ್ತು ಗಂಟೆಗೆ ಸಿಮೆಂಟ್ ಇಳಿಯಿತು, ಹತ್ತೂವರೆಗೆ ಫೋನು ಗುಣುಗುಟ್ಟಿತು, ಹನ್ನೆರಡಕ್ಕೆ ಇನ್ನೂರು ಏಣಿ ಹೇರಿಕೊಂಡು ಹೊರಟೆ. ಪಟ್ಟಣದಲ್ಲಿ ಬಣ್ಣ ಬಳಿಯುವ ಮೇಸ್ತ್ರಿಗಳಿಗೆ ಏಣಿ ಬೇಕಿತ್ತಂತೆ. ಎಂಟನೇ ಕಂಬವನ್ನು ಲಾರಿ ಕುಣಿಯುತ್ತ ದಾಟಿತು. ಊರಿನಲ್ಲಿ ಎಲ್ಲರಿಗೂ ಖುಷಿಯೋ ಖುಷಿ. ಏಣಿ ಮಾಡುವವರ ಮನೆಯಲ್ಲಿ ಮೂರು ಹೊತ್ತೂ ಬಿದಿರು ಸೀಳುವ ಸದ್ದು. ಹುಸೇನ್ ಸಾಬರು ಒಂದು ವಾರ ಮುನಿಸಿಕೊಂಡು ಕೂತರು. ಆಮೇಲೆ ಕಂಪನಿಯವರು ಸರಕಿನ ಫೋಟೋ ತೆಗೆಯುವ ಕೆಲಸ ಅವರಿಗೇ ಕೊಟ್ಟರು. ಹಲಗೆಯನ್ನು ಮೊಮ್ಮಗಳಿಗೆ ಮಗ್ಗಿ ಬರೆಯಲು ಕೊಟ್ಟು, ಕನ್ನಡಕ ಏರಿಸಿಕೊಂಡು, ಕಸಬರಿಗೆ ಕಟ್ಟುಗಳನ್ನು ಮದುವೆ ಹೆಣ್ಣಿನ ಹಾಗೆ ನೆಟ್ಟಗೆ ನಿಲ್ಲಿಸಿ, “ಸ್ವಲ್ಪ ಬೆಳಕಿಗೆ ಬಾ” ಅಂತ ಫೋಟೋ ತೆಗೆಯತೊಡಗಿದರು.

ನಾನೂ ಖುಷಿಯಾಗಿಯೇ ಇದ್ದೆ. ಆದರೆ ಆ ಮೊದಲ ದಿನ ಸೇತುವೆ ಹತ್ತುವಾಗ ಪಕ್ಕಕ್ಕೆ ನೋಡಿದರೆ ನೀಲಮ್ಮ ಅಂಗಡಿಯ ಮುಂದೆ ಎರಡು ಲೋಟ ಚಹಾ ಹಿಡಿದು ನಿಂತಿದ್ದಳು. ನಾನು ಹಾರ್ನ್ ಹೊಡೆದೆ. ಅವಳು ಒಂದು ಲೋಟ ಎತ್ತಿ ತೋರಿಸಿದಳು. ಅಷ್ಟೇ ನಮ್ಮ ಮಾತು. ಮುಂದಿನ ನಾಲ್ಕು ಟ್ರಿಪ್ಪಿನಲ್ಲೂ ಹಾರ್ನ್ ಒಂದೇ. ನಾಲ್ಕು ವರ್ಷದಿಂದ ನಾಳೆ ನಾಳೆ ಅಂತ ಮುಂದೂಡಿದ್ದವನಿಗೆ ಈಗ ನಾಳೆ ಅನ್ನುವುದೇ ಇಲ್ಲದಂತಾಗಿತ್ತು.

ಆರನೇ ಟ್ರಿಪ್ಪಿಗೆ ನಾನು ಲಾರಿ ನಿಲ್ಲಿಸಿಯೇಬಿಟ್ಟೆ. ಇಪ್ಪತ್ತು ನಿಮಿಷ ದಾಟಿದ ಕೂಡಲೇ ಫೋನು ಕೇಳಿತು, ನಿಂತ ಕಾರಣ ಏನು? ಕೆಳಗೆ ಪಟ್ಟಿಯಿತ್ತು. ಊಟ, ಡೀಸೆಲ್, ಪೊಲೀಸ್, ರಿಪೇರಿ, ಪಂಚರ್, ಇತರೆ. ನಾನು ನಿಂತಿದ್ದದ್ದು ಪಂಚರ್ ಅಂಗಡಿಯಲ್ಲಿ. ಪಂಚರ್ ಅಂತ ಒತ್ತಿದೆ. ಅದರಲ್ಲೇನು ತಪ್ಪು ಅಂತ ಆಗ ಅನಿಸಲೇ ಇಲ್ಲ. ಮುಂದಿನ ಟ್ರಿಪ್ಪಿಗೂ ಅದನ್ನೇ ಒತ್ತಿದೆ. ಆರು ವಾರದಲ್ಲಿ ಹನ್ನೊಂದು ಸಲ ನಿಂತೆ, ಹನ್ನೊಂದು ಸಲ ಒತ್ತಿದೆ. ಅಷ್ಟಾದರೂ ಹೇಳಬೇಕಾದ ಮಾತು ಹೇಳಲಿಲ್ಲ. ಎಳ್ಳು, ಶೇಂಗಾ ಅಂತಲೇ ಕಾಲ ಕಳೆದೆ.

ಹನ್ನೆರಡನೇ ಸಲ ಹೋದಾಗ ಅಂಗಡಿಯ ಮುಂದೆ ಒಂದು ಲಾರಿಯೂ ಇರಲಿಲ್ಲ. ಕಂಪ್ರೆಸರ್ ಬಂದ್. ನೀಲಮ್ಮ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಳು. ಅವಳು ಕೆಲಸವಿಲ್ಲದೆ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

“ಏನಾಯ್ತು ನೀಲಮ್ಮನವರೇ?” ಅಂದೆ.

“ನಾಲ್ಕು ದಿನ ಆಯ್ತು, ಒಂದು ಗಾಡಿ ನಿಂತಿಲ್ಲ. ಗಾಳಿ ಇಳಿದಿದ್ರೂ ಹಂಗೇ ಎಳ್ಕೊಂಡು ಹೋಗ್ತಾರೆ. ನಿನ್ನೆ ಹುಸೇನ್ ಸಾಬ್ರು ಫೋನ್ ತೋರಿಸಿದ್ರು. ಮ್ಯಾಪಲ್ಲಿ ನನ್ನ ಅಂಗಡಿ ಮೇಲೆ ಕೆಂಪು ಗುರುತು ಬಿದ್ದಿದೆ. ಇಲ್ಲಿ ನಿಲ್ಲಬೇಡಿ, ಈ ಜಾಗದಲ್ಲಿ ಅನುಮಾನಾಸ್ಪದವಾಗಿ ಪಂಚರ್ ಆಗ್ತಿದೆ ಅಂತ ಬರೆದಿದಾರೆ.” ಅವಳ ದನಿ ಸಣ್ಣಗಾಯಿತು. “ನಾನು ರಸ್ತೆಗೆ ಮೊಳೆ ಹಾಕ್ತೀನಿ ಅನ್ನೋ ಅರ್ಥ ತಾನೇ ಡ್ರೈವರ್ರೇ? ಮೂವತ್ತು ವರ್ಷದ ಅಂಗಡಿ ಇದು. ನಮ್ಮಪ್ಪ ರಸ್ತೇಲಿ ಮೊಳೆ ಕಂಡ್ರೆ ಆರಿಸಿ ಡಬ್ಬಿಗೆ ಹಾಕ್ತಿದ್ರು.”

ನಿಂತಲ್ಲೇ ನಿಂತು, ತಲೆ ತಗ್ಗಿಸಿ, ಎಲ್ಲ ಹೇಳಿದೆ. ಆ ಪಂಚರ್‌ಗಳು ನನ್ನವು, ಒಂದೂ ನಿಜವಲ್ಲ ಅಂತ. ನೀಲಮ್ಮ ಕೇಳುತ್ತ ಕೇಳುತ್ತ ಎದ್ದು ನಿಂತಳು. ಕೈಯಲ್ಲಿ ಸ್ಪ್ಯಾನರ್ ಇತ್ತು. ಹೊಡೆದರೂ ತಪ್ಪಿಲ್ಲ ಅಂದುಕೊಂಡೆ.

“ತೆಗೀರಿ ಫೋನು” ಅಂದಳು. “ತಿದ್ದಿ. ನನ್ನ ಕಣ್ಣೆದುರಿಗೇ ತಿದ್ದಿ.”

ಆ್ಯಪಿನಲ್ಲಿ ಹಳೆಯ ಕಾರಣ ಬದಲಿಸಬೇಕೆಂದರೆ ‘ಇತರೆ’ ಒತ್ತಿ ವಿವರ ಬರೆಯಬೇಕು. ಏನು ಬರೆಯಲಿ ಅಂತ ಅವಳ ಮುಖ ನೋಡಿದೆ. “ನಿಜ ಏನಿದೆಯೋ ಅದನ್ನ ಬರೀರಿ” ಅಂದಳು. ನಾನು ಒಂದೇ ಬೆರಳಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ: ನೀಲಮ್ಮನವರ ಜೊತೆ ಮಾತಾಡಲು ನಿಂತಿದ್ದೆ. ಅವಳು ಭುಜದ ಹಿಂದಿನಿಂದ ಇಣುಕಿ ಓದಿದಳು. “ಹನ್ನೊಂದಕ್ಕೂ ಬರೀರಿ” ಅಂದಳು. ಮುಗಿಯುವ ಹೊತ್ತಿಗೆ ನನ್ನ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು.

“ಸರಿ. ಹನ್ನೊಂದು ಸಲ ಮಾತಾಡೋಕೆ ನಿಂತ್ರಿ. ಏನು ಮಾತಾಡೋಕೆ?”

ಇನ್ನು ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. “ನಿಮಗೆ ಒಪ್ಪಿಗೆಯಿದ್ರೆ ನಾವಿಬ್ಬರೂ ಮದುವೆ ಆಗೋಣ ಅಂತ” ಅಂದೆ. ಅಷ್ಟು ಹೇಳಲು ನಾಲ್ಕು ವರ್ಷ ತೆಗೆದುಕೊಂಡಿದ್ದೆನಲ್ಲ ಅಂತ ಹೇಳಿದ ಮೇಲೆ ನಾಚಿಕೆಯಾಯಿತು.

ನೀಲಮ್ಮ ಸ್ಪ್ಯಾನರ್ ಕೆಳಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು. ಮುಖದಲ್ಲಿ ಸಿಟ್ಟೂ ಇತ್ತು, ಸಿಟ್ಟಿನ ಹಿಂದೆ ನಗುವೂ ಇತ್ತು. “ಅಂಬಿಕಾಗೆ ಹೇಳಿದೀರಾ?”

“ಇಲ್ಲ.”

“ಮೊದಲು ಅವಳಿಗೆ ಹೇಳಿ. ಅವಳಿಗೆ ಬೇಡ ಅಂದ್ರೆ ಆ ಮನೆಗೆ ನಾನು ಕಾಲಿಡಲ್ಲ. ಬೆಳೆದ ಹುಡುಗಿ, ಅವಳಮ್ಮ ಇದ್ದ ಮನೆ.”

ಆ ದಿನ ದಾರಿಯುದ್ದಕ್ಕೂ ಹೇಗೆ ಹೇಳಬೇಕು ಅಂತ ಬಾಯಿಪಾಠ ಮಾಡಿಕೊಂಡು ಮನೆಗೆ ಹೋದೆ. ಅಂಬಿಕಾ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, ತಿರುಗಿ ಕೂಡ ನೋಡದೆ ಅಂದಳು: “ನಿನ್ನ ತಿದ್ದುಪಡಿ ಹನ್ನೊಂದೂ ಬಂದಿದೆ. ಆ ಅಂಗಡಿ ಮೇಲಿನ ಕೆಂಪು ಗುರುತು ತೆಗೆಸಿದೀನಿ.”

ಆಗ ನನಗೆ ಹೊಳೆಯಿತು. ನಾನು ಬರೆದದ್ದೆಲ್ಲ ನೇರವಾಗಿ ಕಂಟ್ರೋಲ್ ರೂಮಿನ ಪರದೆಯ ಮೇಲೆ ಬಿದ್ದಿತ್ತು. ಅವಳಷ್ಟೇ ಅಲ್ಲ, ಅವಳ ಜೊತೆಯವರೆಲ್ಲ ಓದಿದ್ದರು. ನಾನು ಏನೋ ತೊದಲಿದೆ. ಅವಳು ರೊಟ್ಟಿ ತಟ್ಟೆಗೆ ಹಾಕಿ, “ಊಟ ಮಾಡು, ಆರುತ್ತೆ” ಅಂದಳು. ಅಲ್ಲಿಗೆ ಮುಗಿಯಿತು.

ಹದಿನೈದು ದಿನ ಹಾಗೇ ಹೋಯಿತು. ಮಗಳು ಮಾತು ಬಿಟ್ಟಿರಲಿಲ್ಲ, ಆದರೆ ಮಾತೆಲ್ಲ ಲೋಡಿನದ್ದೇ. ಹತ್ತು ಗಂಟೆಗೆ ಸಕ್ಕರೆ, ಎರಡು ಗಂಟೆಗೆ ಉಪ್ಪಿನಕಾಯಿ ಡ್ರಮ್ಮು, ಬ್ರೇಕ್ ಆಯಿಲ್ ನೋಡ್ಕೋ. ನಾನು ಆ ಮಾತೆತ್ತಬೇಕು ಅಂದುಕೊಂಡಾಗಲೆಲ್ಲ ಅವಳು ಬೆನ್ನು ತಿರುಗಿಸಿರುತ್ತಿದ್ದಳು, ನನಗೂ ಅದೇ ಸಾಕಾಗುತ್ತಿತ್ತು. ನೀಲಮ್ಮನ ಅಂಗಡಿಗೆ ಮತ್ತೆ ಲಾರಿಗಳು ಬರತೊಡಗಿದವು. ಹಿಂದಿಗಿಂತ ಜಾಸ್ತಿಯೇ ಬಂದವು, ಏಕೆಂದರೆ ಎಲ್ಲ ಡ್ರೈವರುಗಳಿಗೂ ಈ ಸುದ್ದಿ ಗೊತ್ತಾಗಿ ಅವಳನ್ನು ನೋಡುವ ಕುತೂಹಲ. ನಾನು ಹೋದಾಗ ಅವಳು ಒಂದೇ ಪ್ರಶ್ನೆ ಕೇಳುವಳು: “ಏನಂದಳು?” ನಾನು ತಲೆ ಅಲ್ಲಾಡಿಸುವೆ.

ಒಂದು ಶನಿವಾರ ಮಧ್ಯಾಹ್ನ ಸಕ್ಕರೆ ಇಳಿಸಿ, ಕಸಬರಿಗೆ ಹೇರಿಕೊಂಡು ಸೇತುವೆಯ ಬಾಯಿಗೆ ಬಂದಿದ್ದೆ. ಫೋನು ಗುಣುಗುಟ್ಟಿತು. ಕಸಬರಿಗೆ ಕೇಳಿದ್ದ ಅಂಗಡಿಯವನು ಬೇಡ ಅಂದುಬಿಟ್ಟಿದ್ದ. ಸರಕು ಇಳಿಸಿ, ಮುಂದಿನ ಲೋಡಿಗೆ ಸಂಜೆ ಆರರವರೆಗೆ ಕಾಯಿರಿ ಅಂತ ಬಂತು. ಬೇಡವಾದ ಕಸಬರಿಗೆ ಕಟ್ಟಿಕೊಂಡು ಸೇತುವೆ ಹತ್ತಿ ಏನು ಮಾಡಲಿ? ಹಮಾಲರು ಇಳಿಸಿ ಹೋದರು. ಖಾಲಿ ಲಾರಿಯನ್ನು ಬದಿಗೆ ಹಾಕಲು ಹೊರಟಾಗ ನೀಲಮ್ಮ ಅಂಗಡಿಯಿಂದ ಬಂದಳು. ಮುಖ ತೊಳೆದಿದ್ದಳು, ಸೀರೆ ಬದಲಿಸಿದ್ದಳು.

“ನಾನು ಬರ್ತೀನಿ, ಪಟ್ಟಣಕ್ಕೆ” ಅಂದಳು.

“ಬಸ್ಸು ನಾಲ್ಕಕ್ಕಿದೆ. ನನ್ನದು ಖಾಲಿ ಗಾಡಿ.”

“ಖಾಲಿ ಇದೆ ಅಂತಾನೇ ಬಂದಿದ್ದು. ಸಾಬ್ರೇ, ಸ್ವಲ್ಪ ಇಲ್ಲಿ ಬನ್ನಿ. ಹಿಂದೆ ಹತ್ತಿ ನೋಡಿ. ಕಸಬರಿಗೆದು ಒಂದು ಕಡ್ಡೀನೂ ಉಳಿದಿರಬಾರದು.”

ಹುಸೇನ್ ಸಾಬರು ಹತ್ತಿ ಮೂಲೆಮೂಲೆ ನೋಡಿದರು. “ಸಾಫ್ ಇದೆ ತಾಯಿ” ಅಂದರು. ಅವರಿಗೂ ಅರ್ಥವಾಗಿತ್ತು, ನನಗೂ ಅರ್ಥವಾಗಿತ್ತು.

“ಬೇಡ ನೀಲಮ್ಮನವರೇ. ಎಲ್ಲರ ಮುಂದೆ ಗಾಡಿ ನಿಂತುಹೋದ್ರೆ?”

“ನಿಂತ್ರೆ ಇಳಿದು ನಡ್ಕೊಂಡು ಅಂಗಡಿಗೆ ಬರ್ತೀನಿ. ನೀವು ಲೋಡಿಗೆ ಕಾಯಿರಿ. ನೀವು ಕೇಳಲ್ಲ, ಅವಳು ಹೇಳಲ್ಲ. ಹದಿನೈದು ದಿನದಿಂದ ನಾನು ಒಬ್ಬಳೇ ಒದ್ದಾಡ್ತಿದೀನಿ. ಈ ಸೇತುವೆ ಯಾರ ಮುಲಾಜಿಗೂ ಸುಳ್ಳು ಹೇಳಿದ್ದಿಲ್ಲ. ಪಟ್ಟಣದ ಕಡೆ ನನಗೆ ನೆಂಟರಿಲ್ಲ, ಗೆಳತಿಯರಿಲ್ಲ, ನಾನು ಬೇಕು ಅನ್ನೋರು ಇದ್ರೆ ಅವಳೊಬ್ಬಳೇ. ಹತ್ತಿ.”

ಅವಳು ಬರಿಗೈಯಲ್ಲಿ ಕ್ಯಾಬಿನ್ನಿಗೆ ಹತ್ತಿದಳು. ಚೀಲವನ್ನೂ ತೆಗೆದುಕೊಳ್ಳಲಿಲ್ಲ. ಚೀಲದಲ್ಲಿರುವ ಏನಾದರೂ ಯಾರಿಗಾದರೂ ಬೇಕಾಗಿಬಿಟ್ಟರೆ ಅಂತ. ನಾನು ಗೇರು ಹಾಕಿದೆ. ನನಗೆ ಅವಳು ಬೇಕು ಅನ್ನುವುದು ಅಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. ನಾನು ಪಟ್ಟಣದ ಕಡೆ ಇರಲಿಲ್ಲ, ಸ್ಟೇರಿಂಗ್ ಹಿಡಿದು ಪಕ್ಕದಲ್ಲೇ ಕೂತಿದ್ದೆ. ಹಿಂದೆ ಸಾಲುಗಟ್ಟಿದ್ದ ಲಾರಿಗಳವರು ಕತ್ತು ಹೊರಗೆ ಹಾಕಿ ನೋಡುತ್ತಿದ್ದರು. ಐದನೇ ಕಂಬ ಹೋಯಿತು, ಆರು ಹೋಯಿತು. ನೀಲಮ್ಮ ಎರಡೂ ಕೈಯಲ್ಲಿ ಸೀಟು ಹಿಡಿದು ನೇರ ಮುಂದೆ ನೋಡುತ್ತಿದ್ದಳು. ಅವಳ ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸ್ ಇತ್ತು. ಏಳು. ಎಂಜಿನ್ ಸದ್ದು ಒಂದು ಕ್ಷಣ ತಗ್ಗಿತು. ನಾನೇ ಹೆದರಿ ಕಾಲು ಎತ್ತಿದ್ದೆ. “ಒತ್ರೀ!” ಅಂತ ಕೂಗಿದಳು ನೀಲಮ್ಮ. ಒತ್ತಿದೆ. ಎಂಟನೇ ಕಂಬ ಕಿಟಕಿಯ ಪಕ್ಕದಿಂದ ಸರಿದು ಹಿಂದೆ ಹೋಯಿತು. ಒಂಬತ್ತು, ಹತ್ತು. ಹಿಂದಿನಿಂದ ಹನ್ನೆರಡು ಲಾರಿಗಳ ಹಾರ್ನ್ ಒಟ್ಟಿಗೇ ಮೊಳಗಿತು.

ನೀಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಸೇತುವೆ ಇಳಿಯುವಷ್ಟರಲ್ಲಿ ಫೋನು ಬಂತು. ಅಂಬಿಕಾ.

“ಅಪ್ಪಾ, ನಿನ್ನ ಗಾಡಿ ಖಾಲಿ ಅಂತ ತೋರಿಸ್ತಿದೆ. ಆದ್ರೆ ಸೇತುವೆ ದಾಟಿದೀಯ. ಇಲ್ಲಿ ಎಲ್ಲರೂ ನನ್ನ ಸ್ಕ್ರೀನ್ ಮುಂದೆ ಬಂದು ನಿಂತಿದಾರೆ. ಏನು ತರ್ತಿದೀಯ?”

“ನೀಲಮ್ಮನವರು ಬಂದಿದಾರೆ” ಅಂದೆ. “ಹಿಂದೆ ಏನೂ ಇಲ್ಲ. ಅವರೊಬ್ಬರೇ.”

ಆ ಕಡೆ ಕುರ್ಚಿ ಸರಿದ ಸದ್ದು, ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಅವಳು ಅಂದಳು: “ಹನ್ನೊಂದು ಸಲ ಆ್ಯಪಿಗೆ ಹೇಳಿದೆ. ನನಗೆ ಒಂದೇ ಒಂದು ಸಲ ಹೇಳೋಕೆ ಆಗಲಿಲ್ವಾ ನಿನಗೆ? ಆಫೀಸಲ್ಲಿ ಎಲ್ಲರ ಜೊತೆ ನಿಂತು ಓದಿ ತಿಳ್ಕೋಬೇಕಾ ನಾನು?”

“ತಪ್ಪಾಯ್ತು ಅಂಬೀ” ಅಂದೆ. “ಈಗ ಹೇಳ್ತೀನಿ, ಕೇಳು.” ರಸ್ತೆಯ ಬದಿಗೆ ಲಾರಿ ನಿಲ್ಲಿಸಿ, ನೀಲಮ್ಮನ ಎದುರಿಗೇ, ಎಲ್ಲ ಹೇಳಿದೆ. ಈ ಸಲ ತೊದಲಲಿಲ್ಲ. ಪೂರ್ತಿ ಕೇಳಿಸಿಕೊಂಡು, “ಸರಿ. ಅವರಿಗೆ ಸಾರು ಖಾರ ಇರಬೇಕಾ, ಸಪ್ಪೆ ಇರಬೇಕಾ?” ಅಂದಳು. ಖಾರ ಅಂತ ನೀಲಮ್ಮನೇ ಬಾಗಿ ಫೋನಿನೊಳಗೆ ಹೇಳಿದಳು.

ನಾವು ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅಂಬಿಕಾ ಅರ್ಧ ದಿನ ರಜೆ ಹಾಕಿ ಬಂದು ಬಾಗಿಲಲ್ಲಿ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ ಅಂಬಿಕಾ ಅಂಗಳದ ಮೂಲೆಗೆ ಕೈ ತೋರಿಸಿ, “ನನ್ನ ಸ್ಕೂಟಿ ಹಿಂದಿನ ಟೈರು ಹೋಗಿದೆ, ಸ್ವಲ್ಪ ನೋಡ್ತೀರಾ?” ಅಂದಳು.

ನೀಲಮ್ಮ ಚಪ್ಪಲಿ ಕೂಡ ಬಿಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ನೇರ ಅಲ್ಲಿಗೇ ಹೋಗಿ ಕುಕ್ಕರುಗಾಲಲ್ಲಿ ಕೂತು, ಟೈರನ್ನು ಹೆಬ್ಬೆರಳಿನಿಂದ ಒತ್ತಿ, “ಯಾವಾಗಿಂದಮ್ಮ ಇದು ಹಿಂಗಿರೋದು?” ಅಂದಳು.

“ಹದಿನೈದು ದಿನ ಆಯ್ತು” ಅಂದಳು ಅಂಬಿಕಾ, ಅವಳ ಪಕ್ಕದಲ್ಲೇ ಕೂರುತ್ತ. “ಬಸ್ಸಲ್ಲೇ ಓಡಾಡ್ತಿದೀನಿ.”

ನಮ್ಮ ಮನೆಗೂ ಅವಳ ಆಫೀಸಿಗೂ ನಡುವೆ ಮೂರು ಪಂಚರ್ ಅಂಗಡಿ ಇವೆ. ಒಂದಂತೂ ನಮ್ಮ ಬೀದಿಯ ತಿರುವಿನಲ್ಲೇ. ನಾನು ಆ ಮಾತು ಎತ್ತಲಿಲ್ಲ. ಒಳಗೆ ಹೋಗಿ ಬಕೆಟ್ಟಿನಲ್ಲಿ ನೀರು ತಂದುಕೊಟ್ಟೆ.